ಆರು ದಿನಗಳಲ್ಲಿ ಐದು ಜಯ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಟೆನೆಸ್ಸೀ ಪ್ರಾಂತದಲ್ಲಿ, ಕಂಬರ್ಲೆಂಡ್ ಪ್ರಸ್ಥಭೂಮಿಯ ಮೇಲೆ, ಅಡವಿಯ ನಡುವೆ ಸೆವಾನಿ ಎಂಬ ಚಿಕ್ಕ ಊರಿದೆ. ಅಲ್ಲಿರುವ ‘ದಕ್ಷಿಣ ವಿಶ್ವವಿದ್ಯಾಲಯ’ವು ಹೆಸರಿಗೆ ವಿಶ್ವವಿದ್ಯಾಲಯವಾದರೂ ಗಾತ್ರದಲ್ಲಿ ಒಂದು ಸಾಧಾರಣ ಕಾಲೇಜೇ ಸರಿ. 1899ನೆಯ ಇಸವಿಯಲ್ಲಿ ಇಲ್ಲಿಯ ತರುಣರು ಹನ್ನೆರಡು ಕಾಲ್ಚೆಂಡಿನ ಪಂದ್ಯಗಳನ್ನಾಡಿ ಹನ್ನೆರಡರಲ್ಲಿಯೂ ಜಯಶಾಲಿಗಳಾದರು. ಇವರು ಗಳಿಸಿದ ಅಂಕಗಳು 322. ಎದುರಾಳಿಗಳೆಲ್ಲರಿಗೂ ಸೇರಿ ದಕ್ಕಿದವು ಕೇವಲ 10. ಈ ಲೆಕ್ಕವನ್ನು ಹಲವರು ಬರೆದಿದ್ದಾರೆ. ಆದರೆ ಇದರ ಹಿಂದಿನ ಕಾರಣವನ್ನೂ ಮುಂದಿನ ಪರಿಣಾಮವನ್ನೂ ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಕಾಲ್ಚೆಂಡೆಂದೊಡನೆ ನಮ್ಮ ಮೈದಾನಗಳಲ್ಲಿ ಕಾಣುವ ಆಟವನ್ನು ನೆನೆಯಬಾರದು. ಅಮೆರಿಕನ್ನರ ಚೆಂಡು ಮೊಟ್ಟೆಯಾಕಾರದ್ದು. ಅದನ್ನು ಕೈಯಲ್ಲಿ ಅವಚಿಕೊಂಡು ಎದುರು ಪಂಗಡದ ಹನ್ನೊಂದು ಮಂದಿಯ ಗೋಡೆಯನ್ನು ಭೇದಿಸಿ ನುಗ್ಗುವುದೇ ಆ ಆಟದ ಸಾರ. ಅಂದಿನ ನಿಯಮದಂತೆ ಮೂರು ಯತ್ನಗಳಲ್ಲಿ ಐದು ಗಜ ಮುಂದೆ ಸಾಗದಿದ್ದರೆ ಚೆಂಡು ಪರರ ಪಾಲು. ಚೆಂಡನ್ನು ಮುಂದಕ್ಕೆ ಎಸೆಯುವುದು ನಿಷಿದ್ಧ. ಆದುದರಿಂದ ಆಟವೆಲ್ಲವೂ ಮೈಗೆ ಮೈ ಅಪ್ಪಳಿಸುವ ಗುದ್ದಾಟವೇ ಆಗಿದ್ದಿತು. ಆಟಗಾರರ ಸಾವುಗಳು ಹೆಚ್ಚಲಾಗಿ 1905ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರೇ ದೊಡ್ಡ ಕಾಲೇಜುಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಬುದ್ಧಿ ಹೇಳಬೇಕಾಯಿತು. ನಿಯಮಗಳು ತಿದ್ದಲ್ಪಟ್ಟು ಮುಂದಕ್ಕೆ ಎಸೆಯಲು ಅನುಮತಿ ದೊರೆತುದು 1906ರಲ್ಲಿ. ಇಂತಹ ಆಟವನ್ನು ಒಂದು ದಿನ ಆಡಿದವನು ಮರುದಿನ ಹಾಸಿಗೆಯಿಂದ ಏಳುವುದೇ ಕಷ್ಟವೆಂಬುದನ್ನು ಮನದಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕು.

ಸೆವಾನಿಗೆ ವರ್ಷವರ್ಷವೂ ಒಳ್ಳೆಯ ಹಣ ತರುತ್ತಿದ್ದ ಪಂದ್ಯವೆಂದರೆ ನ್ಯಾಶ್‌ವಿಲ್ ನಗರದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದೊಡನೆ ಆಡುವುದು. ಆ ವರ್ಷ ಟಿಕೀಟಿನ ಹುಟ್ಟುವಳಿಯನ್ನು ಹಂಚಿಕೊಳ್ಳುವಲ್ಲಿ ಜಗಳವೆದ್ದು ಪಂದ್ಯವೇ ನಿಂತುಹೋಯಿತು. ತಂಡದ ವ್ಯವಸ್ಥಾಪಕನಾಗಿದ್ದ ಲೂಕ್ ಲೀ ಎಂಬ ವಿದ್ಯಾರ್ಥಿಗೆ ಆಗ ಇಪ್ಪತ್ತರ ವಯಸ್ಸು. ನಷ್ಟವನ್ನು ತುಂಬಿಕೊಳ್ಳಲು ಅವನು ಹೂಡಿದ ಉಪಾಯ ಬೇರೆ ಯಾರಿಗೂ ಹೊಳೆಯುವಂತಹುದಲ್ಲ. ಒಂದೇ ರೈಲು ಪ್ರವಾಸದಲ್ಲಿ ಐದು ಕಾಲೇಜುಗಳನ್ನು ಎದುರಿಸಿ ಬರುವುದೆಂದು ಅವನು ಗೊತ್ತುಮಾಡಿದನು. ಸುಮಾರು 2,500 ಮೈಲುಗಳ ದಾರಿ. ಬೆಟ್ಟದ ಮೇಲಿನ ಬುಗ್ಗೆಯ ನೀರನ್ನು ಪೀಪಾಯಿಗಳಲ್ಲಿ ತುಂಬಿಕೊಂಡರಂತೆ. ಆದರೆ ಆಟದ ಬೂಟುಗಳ ಗಂಟು ಮಾತ್ರ ಹಿಂದೆಯೇ ಉಳಿದುಹೋಗಿ, ಅದನ್ನು ಮತ್ತೊಂದು ಗಾಡಿಯಲ್ಲಿ ತರಿಸಬೇಕಾಯಿತೆಂದು ಹೇಳುತ್ತಾರೆ!

ನವೆಂಬರ್ 9, ಗುರುವಾರ, ಆಸ್ಟಿನ್ನಿನಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಮೇಲೆ 12–0. ರಾತ್ರಿ ರೈಲು, ಶುಕ್ರವಾರ ಹ್ಯೂಸ್ಟನ್ನಿನಲ್ಲಿ ಟೆಕ್ಸಸ್ ಕೃಷಿ ಕಾಲೇಜಿನ ಮೇಲೆ 10–0. ಮತ್ತೆ ರೈಲು, ಶನಿವಾರ ನ್ಯೂ ಆರ್ಲಿಯನ್ಸಿನಲ್ಲಿ ಟುಲೇನಿನ ಮೇಲೆ 23–0. ಕ್ರೈಸ್ತ ಧರ್ಮಪೀಠದ ಕಾಲೇಜಾದುದರಿಂದ ಭಾನುವಾರ ವಿಶ್ರಾಂತಿ. ಸೋಮವಾರ ಬ್ಯಾಟನ್ ರೂಜಿನಲ್ಲಿ ಲೂಯಿಸಿಯಾನದವರ ಮೇಲೆ 34–0. ಮಂಗಳವಾರ ಮೆಂಫಿಸಿನಲ್ಲಿ ಮಿಸಿಸಿಪ್ಪಿಯವರ ಮೇಲೆ 12–0. ಎದುರಾಳಿಗಳು ದಿನಕ್ಕೊಂದು ಹೊಸ ತಂಡ. ಇವರು ಮಾತ್ರ ಅವರೇ, ನಿನ್ನೆಯ ಗಾಯಗಳೊಡನೆ. ಐದು ಪಂದ್ಯಗಳಲ್ಲಿ ಒಬ್ಬನೂ ಇವರ ಗೆರೆಯನ್ನು ದಾಟಲಿಲ್ಲ.

ಆದರೂ ನಮ್ಮ ಮನಸ್ಸಿಗೆ ಹೆಚ್ಚು ಹಿಡಿಸಿದ ಪಂದ್ಯ ಈ ಐದರೊಳಗಿನದಲ್ಲ. ನವೆಂಬರ್ 30ರಂದು ಮಾಂಟ್‌ಗಮರಿಯಲ್ಲಿ ಜಾನ್ ಹೈಸ್ಮನ್ನರ ಶಿಕ್ಷಣದಲ್ಲಿ ಪಳಗಿದ ಆಬರ್ನ್ ತಂಡವು ಇವರ ಮೇಲೆ ಹತ್ತು ಅಂಕ ಗಳಿಸಿತು. ವರ್ಷವಿಡೀ ಸೆವಾನಿಯ ಮೇಲೆ ಬಿದ್ದ ಅಂಕಗಳು ಇವಷ್ಟೆ. ಸೆವಾನಿ ಗೆದ್ದುದು 11–10ರಿಂದ. ಸೋಲೆಂಬುದು ಕೂದಲೆಳೆಯಷ್ಟು ದೂರದಲ್ಲಿ ನಿಂತಿತ್ತು. ಎರಡೇ ದಿನಗಳ ತರುವಾಯ ಅಟ್ಲಾಂಟಾದಲ್ಲಿ ಉತ್ತರ ಕೆರೊಲಿನಾದವರನ್ನು 5–0ರಿಂದ ಸೋಲಿಸಿದರು.

ಅಜೇಯರೆನ್ನುವಾಗ ಯಾರೊಡನೆ ಆಡಿ ಅಜೇಯರೆಂಬುದನ್ನೂ ಕೇಳಲೇಬೇಕು. ಈ ವಿದ್ಯಾಪೀಠದ ಸ್ಥಾಪಕರಲ್ಲಿ ಅಗ್ರಗಣ್ಯನಾದ ಬಿಷಪ್ ಲಿಯೋನಿಡಾಸ್ ಪೋಕ್ ಗುಲಾಮರನ್ನು ಹೊಂದಿದ್ದವನು. ಗುಲಾಮಗಿರಿಯ ಪಕ್ಷದ ಸೇನಾಪತಿಯಾಗಿ 1864ರಲ್ಲಿ ರಣದಲ್ಲಿ ಮಡಿದವನು. 1899ರಲ್ಲಿ ಸೆವಾನಿಯ ಬಾಗಿಲು ಕಪ್ಪು ಜನರ ಮಕ್ಕಳಿಗೆ ಮುಚ್ಚಿದ್ದಿತು. ಅದರ ಧರ್ಮಶಾಸ್ತ್ರ ಶಾಲೆಗೆ ಅವರನ್ನು ಸೇರಿಸಿಕೊಳ್ಳುವ ನಿರ್ಣಯವಾದುದೇ 1953ರಲ್ಲಿ. ಕಪ್ಪು ಜನರ ಕಾಲೇಜುಗಳೂ ಇದೇ ಆಟವನ್ನು ಆಡುತ್ತಿದ್ದವು. 1892ರ ಡಿಸೆಂಬರಿನಲ್ಲಿಯೇ ಉತ್ತರ ಕೆರೊಲಿನಾದ ಸಾಲ್ಸ್‌ಬರಿಯಲ್ಲಿ ಬಿಡ್ಲ್ ಮತ್ತು ಲಿವಿಂಗ್‌ಸ್ಟನ್ ಕಾಲೇಜುಗಳು ಸೆಣಸಿದ್ದವು. ಅವರಿಗೂ ಸೆವಾನಿಯವರಿಗೂ ಪಂದ್ಯ ಏರ್ಪಡುವ ಮಾತೇ ಇರಲಿಲ್ಲ. ಈ ಗೆರೆಯನ್ನು ಎಳೆದವರು ಆಟದ ಮೈದಾನದವರಲ್ಲ.

ಲೂಕ್ ಲೀ ಮುಂದೆ ಪತ್ರಿಕೆಯೊಂದನ್ನು ಸ್ಥಾಪಿಸಿ, ಸೆನೆಟ್ ಸಭೆಯ ಸದಸ್ಯನಾದನು. ಮೊದಲನೆಯ ಮಹಾಯುದ್ಧ ಮುಗಿದೊಡನೆ, 1919ರ ಜನವರಿಯಲ್ಲಿ, ಹಾಲೆಂಡಿನಲ್ಲಿ ಅಡಗಿದ್ದ ಜರ್ಮನ್ ಕೈಸರನನ್ನು ಹಿಡಿದು ತರುವೆನೆಂದು ಕೆಲವು ಸೈನಿಕರೊಡನೆ ಹೊರಟು ಬರಿಗೈಯಲ್ಲಿ ಹಿಂದಿರುಗಿದವನೂ ಇವನೇ. ಐದು ಪಂದ್ಯಗಳ ಪ್ರವಾಸವನ್ನು ಹೂಡಿದ ಧೈರ್ಯ ಎಲ್ಲಿಂದ ಬಂದಿತೆಂದು ಬೇರೆ ಹೇಳಬೇಕಾಗಿಲ್ಲ.

ಕಾಲೇಜಿನ ಗತಿ ಬೇರೆಯಾಯಿತು. ಕಾಲ್ಚೆಂಡು ಭಾರಿ ಹಣದ ವ್ಯವಹಾರವಾಗುತ್ತ ಬಂದಂತೆ, 1932ರಲ್ಲಿ ದಕ್ಷಿಣದ ದೊಡ್ಡ ಕಾಲೇಜುಗಳು ಸೇರಿ ಕಟ್ಟಿದ ಆಗ್ನೇಯ ಕೂಟದಲ್ಲಿ ಸೆವಾನಿಯೂ ಒಂದು ಸ್ಥಾಪಕ ಸದಸ್ಯವಾಯಿತು. ಆ ಕೂಟದ ಪಂದ್ಯಗಳಲ್ಲಿ ಒಂದನ್ನೂ ಅದು ಗೆಲ್ಲಲಿಲ್ಲ. ಒಂದನ್ನೂ! ಆಟಗಾರರಿಗೆ ವೇತನ ಕೊಟ್ಟು ಸೆಳೆಯುವ ಪೈಪೋಟಿ ತನಗೆ ಬೇಡವೆಂದು ಅಲ್ಲಿಯ ಉಪಕುಲಪತಿ ಅಲೆಗ್ಸಾಂಡರ್ ಗೆರಿಯವರು ನಿಶ್ಚಯಿಸಿದರು. 1940ರಲ್ಲಿ ಕಾಲೇಜು ಕೂಟವನ್ನು ಬಿಟ್ಟು ಹೊರಬಂದಿತು. ಹುಟ್ಟುವಳಿಯ ಹಂಚಿಕೆಯಲ್ಲಿ ಅಂದು ಜಗಳಾಡಿದ ವ್ಯಾಂಡರ್‌ಬಿಲ್ಟ್ ಇಂದಿಗೂ ಆ ಕೂಟದಲ್ಲಿಯೇ ಇದೆ. ಸೆವಾನಿಯ ತರುಣರು ಆಟಕ್ಕೆಂದು ವಿದ್ಯಾರ್ಥಿವೇತನವೇ ಇಲ್ಲದ ಮೂರನೆಯ ದರ್ಜೆಯ ಪಂಗಡದಲ್ಲಿ, ಅದೇ ಬೆಟ್ಟದ ಮೇಲೆ, ಈಗಲೂ ಆಡುತ್ತಿದ್ದಾರೆ.