ಕುರ್ಚಿ ಯಾರದು, ಕೀಲಿಕೈ ಯಾರದು

ರಾಜಕೀಯ ನಾಯಕರ ಬಗ್ಗೆ ಬರೆಯೋಕೆ ನಮ್ಮಲ್ಲಿ ಎರಡೇ ದಾರಿ. ಒಂದು ಅಭಿನಂದನ ಗ್ರಂಥ, ಇನ್ನೊಂದು ಬೈಗುಳ. ಎರಡರಲ್ಲೂ ಅಧಿಕಾರ ಹೇಗೆ ಕೆಲಸ ಮಾಡುತ್ತದೆ ಅನ್ನೋದು ಕಾಣುವುದಿಲ್ಲ. ದಲಿತ ವಿಮರ್ಶೆ ಕತೆ, ಕಾದಂಬರಿಗಳನ್ನು ಓದುವಷ್ಟೇ ಎಚ್ಚರದಿಂದ ಸಮಿತಿಯ ವರದಿಯನ್ನೂ ನಗರಸಭೆಯ ಬಜೆಟ್ಟನ್ನೂ ಓದಬೇಕಾಗಿದೆ. ರಾಯಚೂರು, ದೇವದುರ್ಗ, ಮಾನ್ವಿಗಳನ್ನು ಎದುರಿಗಿಟ್ಟುಕೊಂಡು ಮೂವರ ಕೆಲಸವನ್ನು ಹಾಗೆ ಓದೋಣ.

ಮೊದಲನೆಯವರು ಬಿ. ಬಸವಲಿಂಗಪ್ಪ. ದೇವರಾಜ ಅರಸು ಸಂಪುಟದಲ್ಲಿ ಪುರಾಡಳಿತ ಖಾತೆ ಕೈಯಲ್ಲಿದ್ದಾಗ ತಲೆಯ ಮೇಲೆ ಮಲ ಹೊರಿಸುವುದನ್ನು ನಿಷೇಧಿಸಿದವರು. ಇಡೀ ದೇಶಕ್ಕೆ ಅಂಥ ಕಾನೂನು ಬರಲು 1993 ಆಗಬೇಕಾಯಿತು. ಅದೂ ಸಾಲದೆ 2013ರಲ್ಲಿ ಮತ್ತೊಂದು ಬಂತು. ಆದರೆ ನಮ್ಮ ಸಾಹಿತ್ಯ ಚರಿತ್ರೆ ಬಸವಲಿಂಗಪ್ಪನವರನ್ನು 1973ರ 'ಬೂಸಾ' ಎಂಬ ಒಂದೇ ಮಾತಿಗೆ ಕಟ್ಟಿಹಾಕಿದೆ. ಸಾಹಿತ್ಯವನ್ನು ಬೂಸಾ ಅಂದದ್ದು ನೆನಪಿದೆ, ತಲೆ ಮೇಲಿನ ಬುಟ್ಟಿ ಇಳಿಸಲು ಹೇಳಿದ್ದು ನೆನಪಿಲ್ಲ. ಈ ಮರೆವು ಆಕಸ್ಮಿಕವಲ್ಲ. ನಗರದ ಹೊಲಸನ್ನು ಯಾರು ಎತ್ತುತ್ತಾರೆ ಎಂಬುದು ನಮ್ಮ ವಿಮರ್ಶೆಗೆ ಎಂದೂ ಸಾಹಿತ್ಯದ ಪ್ರಶ್ನೆಯಾಗಿರಲಿಲ್ಲ.

ಎರಡನೆಯವರು ಮಲ್ಲಿಕಾರ್ಜುನ ಖರ್ಗೆ. 1972ರಲ್ಲಿ ಗುರುಮಠಕಲ್ಲಿನಿಂದ ಮೊದಲ ಸಲ ಗೆದ್ದರು. 1973ರಲ್ಲಿ ಆಕ್ಟ್ರಾಯ್ ರದ್ದತಿ ಸಮಿತಿಗೆ ಅಧ್ಯಕ್ಷರಾದರು. ಊರೊಳಗೆ ಬರುವ ಸರಕಿನ ಮೇಲೆ ನಾಕಾದಲ್ಲಿ ಪುರಸಭೆ ಎತ್ತುತ್ತಿದ್ದ ಸುಂಕವೇ ಆಕ್ಟ್ರಾಯ್. ಬಂಡಿ ಹೊಡೆಯುವವರನ್ನೂ ಸಣ್ಣ ವ್ಯಾಪಾರಿಗಳನ್ನೂ ನಿಲ್ಲಿಸಿ ಕಾಡುತ್ತಿದ್ದ ಸುಂಕ ಅದು. 1979ರಲ್ಲಿ ರಾಜ್ಯದಲ್ಲಿ ಆಕ್ಟ್ರಾಯ್ ಹೋಯಿತು, ರಾಜ್ಯ ಸರ್ಕಾರವೇ ವಸೂಲಿ ಮಾಡುವ ಪ್ರವೇಶ ತೆರಿಗೆ ಬಂತು. ನಾಕಾದ ಕಾಟ ತಪ್ಪಿದ್ದು ಒಳ್ಳೆಯದೇ. ಆದರೆ ಪುರಸಭೆಯ ಸ್ವಂತ ಗಂಟು ಬೆಂಗಳೂರಿಗೆ ಹೋಯಿತು. ಊರು ಅನುದಾನಕ್ಕೆ ಕೈಯೊಡ್ಡಿ ನಿಂತಿತು.

ಇದರ ಅರ್ಥ ಮುಂದೆ ಗೊತ್ತಾಯಿತು. 1992ರ 74ನೇ ತಿದ್ದುಪಡಿಯಿಂದ ದಲಿತರಿಗೆ, ಮಹಿಳೆಯರಿಗೆ ಪುರಸಭೆ, ನಗರಸಭೆಗಳ ಅಧ್ಯಕ್ಷಗಿರಿ ಸರದಿಯ ಮೇಲೆ ಸಿಗುವುದು ಸಂವಿಧಾನದ ಹಕ್ಕಾಯಿತು. ಕುರ್ಚಿ ಕೇರಿಗೆ ಬಂದಾಗ ತಿಜೋರಿಯ ಕೀಲಿಕೈ ಊರಲ್ಲೇ ಇರಲಿಲ್ಲ! ಅಧ್ಯಕ್ಷರ ಅವಧಿ ಮೂವತ್ತು ತಿಂಗಳು. ಅದೂ ನೆಟ್ಟಗೆ ಸಿಗಲ್ಲ. 2018ರಲ್ಲಿ ಗೆದ್ದ ಸದಸ್ಯರು ಮೀಸಲಾತಿ ಪಟ್ಟಿಯ ಜಗಳ ಕೋರ್ಟಿನಲ್ಲಿದ್ದುದರಿಂದ ಅಧ್ಯಕ್ಷರನ್ನು ಆರಿಸೋಕೆ 2020ರ ತನಕ ಕಾದರು. ಅಷ್ಟು ದಿನ ಅಧಿಕಾರಿಗಳದ್ದೇ ಆಡಳಿತ. ಹೀಗಿರುವಾಗ 'ಮೀಸಲಾತಿಯಿಂದ ಬಂದವರು ಏನು ಮಾಡಿದರು?' ಅಂತ ಕೇಳುವವರು ಅವರ ಕೈಗೆ ಏನು ಕೊಟ್ಟಿದ್ದೆವು ಅನ್ನೋದನ್ನು ಮೊದಲು ಹೇಳಲಿ.

ಮೂರನೆಯವರು ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ. ಪ್ರಾದೇಶಿಕ ಅಸಮತೋಲನ ಕುರಿತ ಅವರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಗುಲ್ಬರ್ಗಾ ವಿಭಾಗದವು. ದೇವದುರ್ಗ, ಮಾನ್ವಿ ಎರಡೂ ಈ ಕೊನೆಯ ಪಟ್ಟಿಯಲ್ಲಿವೆ. ರಾಜ್ಯದ ಸರಾಸರಿ 1 ಅಂದರೆ ದೇವದುರ್ಗದ ಸೂಚ್ಯಂಕ 0.53, ಇಡೀ ರಾಜ್ಯದಲ್ಲೇ ಕೊನೆ. ಅಲ್ಲಿಯತನಕ ಗೋಳು ಅನ್ನಿಸಿಕೊಂಡದ್ದು ಈ ವರದಿಯಿಂದ ಲೆಕ್ಕವಾಯಿತು. ಲೆಕ್ಕವಾದ ಮೇಲೆ ಹಕ್ಕಾಗಿ ಕೇಳಬಹುದಾಯಿತು. 2012ರಲ್ಲಿ ಪಾರ್ಲಿಮೆಂಟು ಒಪ್ಪಿದ 371(ಜೆ) ಕಲಮಿನ ಹಿಂದೆ ಈ ಲೆಕ್ಕದ ಬಲವೂ ಇತ್ತು, ಖರ್ಗೆಯವರ ಪಟ್ಟೂ ಇತ್ತು.

ಆದರೆ ವರದಿಯ ಅಳತೆಗೋಲು ತಾಲ್ಲೂಕು. ತಾಲ್ಲೂಕಿನ ಸರಾಸರಿಯಲ್ಲಿ ಊರೂ ಕೇರಿಯೂ ಒಂದೇ ಆಗಿಬಿಡುತ್ತವೆ. ಮಾನ್ವಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದರೆ ತಾಲ್ಲೂಕಿನ ಅಂಕಿ ಮೇಲೇಳುತ್ತದೆ. ಹೊಲವೇ ಇಲ್ಲದವರಿಗೆ ಆ ನೀರಿನಿಂದ ಸಿಗುವುದು ಕೂಲಿ ಮಾತ್ರ. ಅದೂ ಸಿಗದಿದ್ದರೆ ಗುಳೆ. 2008ರಿಂದ ದೇವದುರ್ಗ, ಮಾನ್ವಿ ಎರಡೂ ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರಗಳು. ಹಂಗಂತ ಬೆಂಗಳೂರಿನ ಕಟ್ಟಡಗಳಿಗೆ ಹೊರಡುವ ಬಸ್ಸು ಖಾಲಿಯಾಗಿಲ್ಲ.

ಕೇರಿಗೆಂದೇ ಹಣ ಮೀಸಲಿಡಲು 2013ರಲ್ಲಿ ಉಪಯೋಜನೆ ಕಾಯ್ದೆ ಬಂತು. ಅದರಲ್ಲೇ 7(ಡಿ) ಎಂಬ ಕಿಂಡಿಯೂ ಇತ್ತು. ಎಲ್ಲರಿಗೂ ಆಗುವ ಕಾಮಗಾರಿಯಲ್ಲಿ ದಲಿತರ ಪಾಲೂ ಇದೆ ಎಂದು ಬರೆದು ಹಣ ತಿರುಗಿಸಬಹುದಿತ್ತು. ಆ ಕಿಂಡಿ ಮುಚ್ಚಿದ್ದು 2023ರಲ್ಲಿ. ಹತ್ತು ವರ್ಷ ಇದನ್ನು ಪತ್ತೆಹಚ್ಚಿ ಕೂಗಿದವರು ಸಂಘಟನೆಗಳವರು. ಕಲಮು ಓದುವುದೂ ಹೋರಾಟವೇ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕೃಷ್ಣೆ, ತುಂಗಭದ್ರೆ ಎರಡೂ ನದಿಗಳ ನಡುವಿನ ರಾಯಚೂರು ನಗರದಲ್ಲಿ 2022ರಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಸತ್ತರು. ನಗರಸಭೆ ಹೋಗಿ ಪಾಲಿಕೆ ಅಂತ ಬೋರ್ಡು ಬದಲಾದರೂ ಕೇಳಬೇಕಾದ ಪ್ರಶ್ನೆಗಳು ಬದಲಾಗುವುದಿಲ್ಲ. ಹಣ ಯಾವ ತಲೆಬರಹದಲ್ಲಿ ಬಂತು? ಸಹಿ ಯಾರದು? ಪೈಪು ಯಾವ ಓಣಿಗೆ ನಿಂತುಹೋಯ್ತು? ನಾಯಕರನ್ನು ಹೊಗಳುವ, ಬೈಯುವ ಮುಂಚೆ ಈ ಮೂರನ್ನು ಬರೆದಿಟ್ಟುಕೊಂಡು ಪುರಸಭೆಗೆ ಹೋಗೋಣ. ಬಜೆಟ್ಟಿನ ಪ್ರತಿ ಕೇಳುವುದು ನಮ್ಮ ಹಕ್ಕು.