ಕರೆಂಟು ಯಾರ ಲೆಕ್ಕದ್ದು?

ಕಾರವಾರ ತಾಲೂಕಿನ ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಅಣು ಘಟಕ. ಅದೇ ತಾಲೂಕಿನ ಕದ್ರಾ ಅಣೆಕಟ್ಟೆಯಲ್ಲಿ 150 ಮೆಗಾವ್ಯಾಟು, ಕಾಳಿ ನದಿಯ ಮೇಲ್ಭಾಗದ ಕೊಡಸಳ್ಳಿಯಲ್ಲಿ 120. ಇಷ್ಟಿದ್ದೂ ಮಳೆಗಾಲದಲ್ಲಿ ಲೈನಿನ ಮೇಲೆ ಒಂದು ಕೊಂಬೆ ಬಿದ್ದರೆ ಪಕ್ಕದ ಅಂಕೋಲೆಯಲ್ಲಿ ಕತ್ತಲೆ. ಭೌತಶಾಸ್ತ್ರ ಕಲಿಸುತ್ತಿದ್ದ ನನ್ನನ್ನು ಹುಡುಗರು ಕೇಳುತ್ತಿದ್ದರು: "ಸರ್, ಅಲ್ಲಿಂದ ನೇರ ನಮ್ಮ ಕಾಲೇಜಿಗೇ ಒಂದು ತಂತಿ ಎಳೆದರೆ ಆಗುವುದಿಲ್ಲವಾ?"

ಈಗ ವಿಶ್ವವಿದ್ಯಾಲಯಗಳು "ನಾವು ಸೌರ ವಿದ್ಯುತ್ ಕೊಳ್ಳುತ್ತೇವೆ" ಎಂದಾಗಲೂ ಜನ ಅಂಥದೇ ಒಂದು ತಂತಿಯನ್ನು ಊಹಿಸಿಕೊಳ್ಳುತ್ತಾರೆ. ತಂತಿ ಬೇರೆ ಇಲ್ಲ. ಹಾಲಿನ ಸೊಸೈಟಿಯಲ್ಲಿ ಎಲ್ಲರ ಹಾಲೂ ಒಂದೇ ಕ್ಯಾನಿಗೆ. ಯಾರದು ಎಷ್ಟು ಲೀಟರು ಎನ್ನುವುದು ಪುಸ್ತಕದಲ್ಲಿ. ಗ್ರಿಡ್ಡೂ ಹಾಗೇ. ಅಣುವಿನದು, ನೀರಿನದು, ಬಿಸಿಲಿನದು ಎಲ್ಲ ಬೆರೆತೇ ಬರುತ್ತದೆ. ಕೊಂಡದ್ದು ಸೌರ ವಿದ್ಯುತ್ತೇ ಎಂದು ಹೇಳುವುದು ಮೀಟರು ಮತ್ತು ಕರಾರುಪತ್ರ.

ಅಮೆರಿಕದ ವಾಷಿಂಗ್ಟನ್ನಿನ ಎರಡು ವಿಶ್ವವಿದ್ಯಾಲಯಗಳು ಒಂದು ಆಸ್ಪತ್ರೆಯನ್ನೂ ಜೊತೆಗೆ ಸೇರಿಸಿಕೊಂಡು 2014ರಲ್ಲಿ ಮಾಡಿದ್ದು ಇದನ್ನೇ. ದೂರದ ನಾರ್ತ್ ಕೆರೊಲಿನಾದಲ್ಲಿ ಕಟ್ಟುವ 52 ಮೆಗಾವ್ಯಾಟಿನ ಸೌರ ಸ್ಥಾವರದಿಂದ 20 ವರ್ಷ ಕೊಳ್ಳುವ ಕರಾರು. ಇಂಥ ಕರಾರು ಕೈಯಲ್ಲಿದ್ದರೆ ಸ್ಥಾವರ ಕಟ್ಟುವವನಿಗೆ ಬ್ಯಾಂಕು ಧೈರ್ಯವಾಗಿ ಸಾಲ ಕೊಡುತ್ತದೆ. ಇದರ ನಿಜವಾದ ಬಲ ಅಲ್ಲಿದೆ ಎಂದು ನನ್ನ ಲೆಕ್ಕ. ಹೇಗೂ ಓಡುತ್ತಿರುವ ಹಳೆಯ ಸ್ಥಾವರದ ಹಸಿರು ವಿದ್ಯುತ್ ಸರ್ಟಿಫಿಕೇಟು ಕೊಂಡು ಗೋಡೆಗೆ ತೂಗುಹಾಕಿದರೆ ಒಂದು ಫಲಕವೂ ಹೆಚ್ಚಾಗುವುದಿಲ್ಲ.

ಹೀಗೆ ದೂರದ ಸ್ಥಾವರದಿಂದ ಕೊಳ್ಳುವುದಕ್ಕೆ ನಮ್ಮಲ್ಲಿ 'ಓಪನ್ ಆಕ್ಸೆಸ್' ಎನ್ನುತ್ತಾರೆ. ಉತ್ಪಾದಕನಿಂದ ಕೊಳ್ಳುವುದು, ಸರಕಾರಿ ತಂತಿಯ ಮೇಲೆ ತರಿಸಿಕೊಳ್ಳುವುದು, ಅದಕ್ಕೆ ಬಾಡಿಗೆಯನ್ನೂ ಸರ್‌ಚಾರ್ಜನ್ನೂ ಕಟ್ಟುವುದು. ಮೊದಲು 1 ಮೆಗಾವ್ಯಾಟು ಮತ್ತು ಅದಕ್ಕೂ ಹೆಚ್ಚಿನ ಬೇಡಿಕೆಯ ಗ್ರಾಹಕರಿಗಷ್ಟೇ ಇದ್ದ ಬಾಗಿಲನ್ನು ಕೇಂದ್ರದ 2022ರ ನಿಯಮಗಳು 100 ಕಿಲೋವ್ಯಾಟಿಗೆ ಇಳಿಸಿದವು. ಒಂದು ಸಾಧಾರಣ ಕ್ಯಾಂಪಸ್ಸೂ ಒಳಗೆ ಬರುವಷ್ಟು. ಆದರೆ 2024ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟು, ಇದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದ ಅಧಿಕಾರ, ಕೇಂದ್ರದ್ದಲ್ಲ ಎಂದು ಆ ನಿಯಮಗಳನ್ನು ರದ್ದುಪಡಿಸಿತು. ಹೀಗೆ ನಿಯಮ ಅಲುಗಾಡುತ್ತಿದ್ದರೆ 20 ವರ್ಷದ ಕರಾರಿಗೆ ಸಹಿ ಹಾಕಲು ಯಾವ ಕುಲಸಚಿವರಿಗೆ ಕೈ ಬರುತ್ತದೆ?

ದಿನಕರ ದೇಸಾಯರ ಕೆನರಾ ವೆಲ್ಫೇರ್ ಟ್ರಸ್ಟಿನ ಗೋಖಲೆ ಸೆಂಟಿನರಿ ಕಾಲೇಜಿನಂಥ ಅಂಕೋಲೆಯ ಸಂಸ್ಥೆಗಳಿಗೆ ಮೊದಲು ಹತ್ತಿರವಾಗುವುದು ಸ್ವಂತ ಮಾಡಿನ ಮೇಲಿನ ಸೌರ ಫಲಕಗಳೇ. ಕಾಲೇಜು ನಡೆಯುವುದು ಹಗಲು, ಬಿಸಿಲೂ ಹಗಲೇ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸೂರ್ಯನನ್ನು ನಂಬುವಂತಿಲ್ಲ. ಉಪ್ಪುಗಾಳಿ ಬೋಲ್ಟುಗಳನ್ನು ತಿನ್ನುತ್ತದೆ, ಅಗ್ಗದ ಕಬ್ಬಿಣದ ಸ್ಟ್ಯಾಂಡು ಬೇಡ.

ಇನ್ನೊಂದು ಮಾತು ನಮ್ಮ ಜಿಲ್ಲೆಯವರೇ ಹೇಳಬೇಕಾದದ್ದು. 2019ರ ಮಾರ್ಚಿನವರೆಗೆ 25 ಮೆಗಾವ್ಯಾಟಿಗಿಂತ ದೊಡ್ಡ ಜಲವಿದ್ಯುತ್ ನಮ್ಮ ದೇಶದಲ್ಲಿ 'ನವೀಕರಿಸಬಹುದಾದ' ಲೆಕ್ಕಕ್ಕೇ ಬರುತ್ತಿರಲಿಲ್ಲ. ಅಂದು ಕೇಂದ್ರ ಸಂಪುಟ ಅದನ್ನೂ ಸೇರಿಸಿತು. ಹಾಗಾಗಿ ಕದ್ರಾ ಈಗ ಹಸಿರು; ಇಂಗಾಲ ಉಗುಳದಿದ್ದರೂ ಕೈಗಾ ಅಲ್ಲ. ಕಾಳಿ ಕಣಿವೆಯಲ್ಲಿ ಮನೆ, ಗದ್ದೆ ಬಿಟ್ಟು ಎದ್ದ ಕುಟುಂಬಗಳಿಗೆ ಈ ವಿಂಗಡಣೆ ಏನೂ ಹೇಳುವುದಿಲ್ಲ. ಇದಕ್ಕೆ ಬದಲಾಗಿ, 2,050 ಮೆಗಾವ್ಯಾಟಿನ ಪಾವಗಡ ಸೌರ ಪಾರ್ಕಿನಲ್ಲಿ ರೈತರ ಜಮೀನನ್ನು ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗೇಣಿಗೆ ಹಿಡಿದರು. ಭೂಮಿಯ ಒಡೆತನವಾದರೂ ಉಳಿಯಿತು. ಕೂಲಿಯವರಿಗೆ ಆ ಗೇಣಿಯಲ್ಲಿ ಪಾಲಿಲ್ಲ. ವಿದ್ಯುತ್ ಕೊಳ್ಳುವ ವಿಶ್ವವಿದ್ಯಾಲಯವು ಯೂನಿಟ್ ದರದ ಜೊತೆಗೆ ಇದನ್ನೂ ಕೇಳಬೇಕು: ಸ್ಥಾವರ ಯಾರ ಹೊಲದಲ್ಲಿದೆ, ಯಾವ ಕರಾರಿನ ಮೇಲೆ? ಬಿಸಿಲು ಮುಗಿದ ಮೇಲೆ ಹಾಸ್ಟೆಲಿನಲ್ಲಿ ರಾತ್ರಿ ಹನ್ನೊಂದರವರೆಗೆ ಉರಿಯುವ ದೀಪ ಯಾವುದರಿಂದ?