ಕೋಟೆಗೆ ವಾರಸುದಾರ ಯಾರು?

ಕೋಟೆ ಎಂದೊಡನೆ ನೆನಪಾಗುವುದು ಚಿತ್ರದುರ್ಗದ ಏಳು ಸುತ್ತು ಅಥವಾ ವಿಜಾಪುರದ ತೋಪುಗಳು. ಅವುಗಳ ಮುಂದೆ ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ರಾಮದುರ್ಗ, ಸವದತ್ತಿಗಳ ಕೋಟೆಗಳು ಚಿಕ್ಕವು. ಗೋಡೆಯ ಎತ್ತರ, ಕಂದಕದ ಅಗಲ ಅಳೆಯಲು ಹೋದವರಿಗೆ ಬೇಗನೆ ಬೇಸರ ಬಂದೀತು. ಆದರೆ ಈ ಸೀಮೆಯ ಕೋಟೆಗಳ ಕಥೆಗಳನ್ನೆಲ್ಲ ಹೆಣೆದಿರುವ ಒಂದು ವ್ಯಾಜ್ಯವುಂಟು. ಮಕ್ಕಳಿಲ್ಲದ ಒಡೆಯ ತೆಗೆದುಕೊಂಡ ದತ್ತುಪುತ್ರನಿಗೆ ಗಾದಿ ಸಲ್ಲುತ್ತದೆಯೇ ಎಂಬ ವ್ಯಾಜ್ಯ ಅದು.

ದೇಸಾಯಿ ಮೂಲತಃ ರಾಜನಲ್ಲ. ಒಂದು ಸೀಮೆಯ ಕಂದಾಯವನ್ನು ವಸೂಲು ಮಾಡಿ ಮೇಲಿನವರಿಗೆ ಸಲ್ಲಿಸುವ ವಂಶಪಾರಂಪರ್ಯದ ಅಧಿಕಾರಿ. ಆದಿಲಶಾಹಿ ಹೋಗಿ ಮೊಗಲರು ಬಂದರು, ಪೇಶ್ವೆಯ ಆಳ್ವಿಕೆಯೂ ಬಂದು ಹೋಯಿತು; ದೇಸಾಯಿ ಮಾತ್ರ ಅಲ್ಲೇ ಉಳಿದ. ಅವನ ಕೋಟೆಯೆಂದರೆ ವಾಡೆ, ಖಜಾನೆ, ಕಣಜ ಎಲ್ಲವೂ ಒಂದೇ ಗೋಡೆಯೊಳಗೆ. 1818ರಲ್ಲಿ ಪೇಶ್ವೆ ಸೋತ ಮೇಲೆ ಈ ಸೀಮೆಗೆ ಇಂಗ್ಲಿಷ್ ಕಂಪನಿಯೇ ದೊರೆಯಾಯಿತು. ಧರ್ಮಶಾಸ್ತ್ರ ಒಪ್ಪಿದ ದತ್ತಕಕ್ಕೂ ತನ್ನ ಅನುಮತಿ ಬೇಕೆಂದು ಕಂಪನಿ ಹಟ ಹಿಡಿದದ್ದರಿಂದ ಗಂಟು ಬಿತ್ತು.

ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರ್‌ನಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಮಾಸ್ತಮರಡಿ ಗೌಡರ ಮನೆಯ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡಿದ್ದ ಪತ್ರವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ನಂಬಲಿಲ್ಲ. ಖಜಾನೆಗೆ ಮುದ್ರೆ ಹಾಕಿಸಿ ಕಾವಲು ಇಟ್ಟ. ದಿವಂಗತ ಮಲ್ಲಸರ್ಜ ದೇಸಾಯಿಯ ಪತ್ನಿ ರಾಣಿ ಚೆನ್ನಮ್ಮ ಮಣಿಯಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆದು ಕಿತ್ತೂರಿನವರು ಹೊರಬಿದ್ದಾಗ ಥ್ಯಾಕರೆ ಸತ್ತ. ಡಾಲ್‌ಹೌಸಿಯ ದತ್ತುನಿಷೇಧ ನೀತಿಯನ್ನು ಶಾಲೆಯಲ್ಲಿ ಓದಿದವರು ಗಮನಿಸಬೇಕು: ಆತ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ, ಇದಾಗಿ 24 ವರ್ಷಗಳ ಮೇಲೆ.

ಅಂದು ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಕಿತ್ತೂರಿನಿಂದ ಜೀವಂತ ಹೊರಬಂದ ಈತನೇ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿದವನು. ಚೆನ್ನಮ್ಮ ಈ ಸೆರೆಯಾಳುಗಳನ್ನು ಕೊಲ್ಲಿಸಿದ್ದರೆ ನಮ್ಮ ಶಾಸನ ಸಂಶೋಧನೆಗೂ ನಷ್ಟವಾಗುತ್ತಿತ್ತು.

ಡಿಸೆಂಬರ್‌ನಲ್ಲಿ ದೊಡ್ಡ ತೋಪುಗಳೊಡನೆ ಕಂಪನಿಯ ಸೈನ್ಯ ಮತ್ತೆ ಬಂದಿತು. ಲೂಟಿಕೋರರ ದಾಳಿಯನ್ನು ತಡೆಯಬಲ್ಲ ದೇಸಗತಿ ಕೋಟೆ, ಮುತ್ತಿಗೆಯ ತೋಪಿನ ಮುಂದೆ ಹೆಚ್ಚು ದಿನ ನಿಲ್ಲುವಂತಿರಲಿಲ್ಲ. ಮದ್ದಿನಲ್ಲಿ ಸಗಣಿ ಬೆರೆಸಿದ ದ್ರೋಹದ ಕಥೆಯನ್ನು ಜನ ಈಗಲೂ ಹೇಳುತ್ತಾರೆ; ಆದರೆ ಆ ದ್ರೋಹ ನಡೆಯದಿದ್ದರೂ ಗೋಡೆ ಉಳಿಯುತ್ತಿರಲಿಲ್ಲವೆಂದೇ ತೋರುತ್ತದೆ. ಇಂದು ಅರಮನೆಗೆ ಮಾಳಿಗೆಯಿಲ್ಲ. ಇಟ್ಟಿಗೆ ಗಾರೆಯ ಗೋಡೆಗಳು, ಸ್ನಾನದ ತೊಟ್ಟಿಗಳು, ಧ್ರುವ ನಕ್ಷತ್ರ ನೋಡಲು ಮಾಡಿದ್ದೆಂದು ತೋರಿಸುವ ಕಿಂಡಿ ಉಳಿದಿವೆ. ಕೋಟೆಯ ಆವರಣದಲ್ಲೇ ಇರುವ ವಸ್ತುಸಂಗ್ರಹಾಲಯವನ್ನು ಬಿಡಬಾರದು.

ಕಿತ್ತೂರು ಉತ್ಸವಕ್ಕೆ ಪ್ರತಿ ಅಕ್ಟೋಬರ್‌ನಲ್ಲಿ ಸಾವಿರಾರು ಜನ ಸೇರುತ್ತಾರೆ. ಆದರೆ ಬೈಲಹೊಂಗಲಕ್ಕೆ ಹೋಗುವವರು ಕಡಿಮೆ. ಸೋತ ಚೆನ್ನಮ್ಮನನ್ನು ಸೆರೆಯಲ್ಲಿಟ್ಟದ್ದು ಅಲ್ಲಿಯ ಕೋಟೆಯಲ್ಲಿ. 1829ರ ಫೆಬ್ರುವರಿಯಲ್ಲಿ ಆಕೆ ಅಲ್ಲೇ ತೀರಿಕೊಂಡಳು. ಊರೊಳಗೆ ಆಕೆಯ ಸಮಾಧಿಯಿದೆ. ಗೆಲುವಿನ ಜಾಗವನ್ನಷ್ಟೇ ನೋಡಿ ತಿರುಗಿಬಂದವರು ಅರ್ಧ ಇತಿಹಾಸ ನೋಡಿದಂತೆ. ಇದೇ ತಾಲ್ಲೂಕಿನ ಸಂಗೊಳ್ಳಿಯ ರಾಯಣ್ಣ 1830ರಲ್ಲಿ ಬಂಡೆದ್ದದ್ದೂ ಅದೇ ದತ್ತುಪುತ್ರ ಶಿವಲಿಂಗಪ್ಪನನ್ನು ಗಾದಿಗೆ ತರಲೆಂದು. 1831ರಲ್ಲಿ ನಂದಗಡದಲ್ಲಿ ಆತನನ್ನು ಗಲ್ಲಿಗೇರಿಸಿದರು.

ಮಲಪ್ರಭೆಯ ದಂಡೆಯ ರಾಮದುರ್ಗದ್ದು ಇದೇ ವ್ಯಾಜ್ಯದ ಇನ್ನೊಂದು ಮುಖ. ನರಗುಂದ, ರಾಮದುರ್ಗ ಎರಡನ್ನೂ ಭಾವೆ ಮನೆತನದವರು ಆಳುತ್ತಿದ್ದರು. ನರಗುಂದದ ಬಾಬಾಸಾಹೇಬನಿಗೆ ದತ್ತು ತೆಗೆದುಕೊಳ್ಳಲು ಸರ್ಕಾರ ಒಪ್ಪಲಿಲ್ಲ. 1858ರ ಮೇ 29ರ ರಾತ್ರಿ ರಾಮದುರ್ಗದ ಸಮೀಪದ ಸುರೇಬಾನದಲ್ಲಿ ಅವನ ಕಡೆಯವರು ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನನ್ನು ಕೊಂದರು. ಎರಡು ವಾರಗಳಲ್ಲಿ ಬಾಬಾಸಾಹೇಬನಿಗೆ ಬೆಳಗಾವಿಯಲ್ಲಿ ಗಲ್ಲಾಯಿತು, ನರಗುಂದ ಸಂಸ್ಥಾನ ಅಳಿಯಿತು. ಬಂಡಾಯಕ್ಕೆ ಸೇರದ ರಾಮದುರ್ಗ ಉಳಿದುಕೊಂಡು 1948ರಲ್ಲಿ ಭಾರತದಲ್ಲಿ ವಿಲೀನವಾಯಿತು. ಈ ದಂಗೆಗಳಿಂದ ಪಾಠ ಕಲಿತ ಸರ್ಕಾರ 1862ರ ಹೊತ್ತಿಗೆ ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ತಾನೇ ಕೊಡತೊಡಗಿತ್ತು!

ಸವದತ್ತಿ ಒಂದು ಕಾಲಕ್ಕೆ ರಟ್ಟರ ರಾಜಧಾನಿ. ಈಗ ಊರಿನಲ್ಲಿರುವ ಕೋಟೆಯನ್ನು ಕಟ್ಟಿಸಿದವರು ಸಿರಸಂಗಿಯ ದೇಸಾಯರು, 18ನೆಯ ಶತಮಾನದಲ್ಲಿ. ಎಂಟು ಬುರುಜುಗಳು, ಒಳಗೆ ಕಾಡಸಿದ್ಧೇಶ್ವರ ಗುಡಿ. ಆ ಮನೆತನಕ್ಕೂ ಒಬ್ಬ ದತ್ತುಪುತ್ರ ಬಂದರು. 1861ರಲ್ಲಿ ಹುಟ್ಟಿದ ಲಿಂಗರಾಜ ದೇಸಾಯಿ. ಅವರಿಗೂ ಮಕ್ಕಳಿರಲಿಲ್ಲ. ಆದರೆ ಅವರು ಮತ್ತೊಬ್ಬ ವಾರಸುದಾರನನ್ನು ಹುಡುಕದೆ, ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗೆಂದು ಮೃತ್ಯುಪತ್ರ ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಇರುವುದು ಅವರದೇ ಹೆಸರು.

ಹುಣ್ಣಿಮೆಯ ದಿನಗಳಲ್ಲಿ ಎಲ್ಲಮ್ಮನ ಗುಡ್ಡದ ದಾರಿ ಗಾಡಿಗಳಿಂದ ತುಂಬಿರುತ್ತದೆ; ಕೋಟೆ ನೋಡಲು ಬೇರೆ ದಿನ ಆರಿಸಿಕೊಳ್ಳುವುದು ಲೇಸು. ಮುಂಜಾನೆ ಹೋದರೆ ಬಿಸಿಲೇರುವ ಮೊದಲೇ ನೋಡಿ ಮುಗಿಸಬಹುದು. ಆಮೇಲೆ ಮಲಪ್ರಭೆಗೆ ಅಡ್ಡ ಕಟ್ಟಿದ ನವಿಲುತೀರ್ಥದ ಅಣೆಕಟ್ಟು ಹತ್ತಿರದಲ್ಲೇ ಇದೆ.